ಬೈಕ್ ಏರಿದ ವೀರಗಲ್ಲು

ಇದನ್ನು ನೀವು ನಂಬುವುದಿಲ್ಲ, ಬೇಕಾದರೆ ಬರೆದು ಕೊಡುತ್ತೇನೆ. ನಂಬದಿದ್ದರೂ ನನಗೆ ಬೇಸರವಿಲ್ಲ. ನಾನು ಹೇಳಿದ್ದನ್ನು ನಂಬುವ ಅಭ್ಯಾಸ ನಮ್ಮ ಮನೆಯಲ್ಲೇ ಯಾರಿಗೂ ಇಲ್ಲ. ಆದರೆ ಹೂವಿನ ಹಿಪ್ಪರಗಿಯ ನಮ್ಮ ಓಣಿಯಲ್ಲಿ, ಹಾಡಹಗಲು, ನಾನು ಗಟ್ಟಿಮುಟ್ಟಾಗಿ ನಿಂತಿರುವಾಗಲೇ ನನಗೆ ಊದಿನಕಡ್ಡಿ ಬೆಳಗಿದರು. ಆ ಆಘಾತದಿಂದ ನಾನಿನ್ನೂ ಚೇತರಿಸಿಕೊಂಡಿಲ್ಲ.

ತಪ್ಪೆಲ್ಲ ನಮ್ಮ ಡ್ರಾಯಿಂಗ್ ಸರ್ ಅವರದು. ಬಾಗೇವಾಡಿಯಲ್ಲಿ ಶಾಲೆಗಳ ಕಲಾಪ್ರದರ್ಶನ, ಅಲ್ಲಿ ಗೆದ್ದವರು ವಿಜಯಪುರಕ್ಕೆ. ಹಳೆಯ ಕಲೆಯನ್ನು ನಕಲು ಮಾಡಬೇಡಿ, ಇವತ್ತಿನವರಾಗಿ ಅದಕ್ಕೆ ಉತ್ತರ ಕೊಡಿ ಎಂದರು. ಎದುರುತ್ತರ ಕೊಡುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ಅವ್ವ ದಿನಾ ಹೇಳುತ್ತಾಳೆ. ಹೀಗಾಗಿ ವಿಜಯಪುರಕ್ಕೆ ಹೋಗುವವನು ನಾನೇ ಎಂದು ಇಡೀ ಕ್ಲಾಸಿಗೆ ಸಾರಿಬಿಟ್ಟೆ. ಇನ್ನು ಹೋಗದಿದ್ದರೆ ಮುಖ ತೋರಿಸುವಂತಿರಲಿಲ್ಲ.

ಊರ ಹೊರಗೆ ಒಂದು ವೀರಗಲ್ಲು ಇದೆ. ಯಾವುದೋ ಕಾಳಗದಲ್ಲಿ ಸತ್ತವನ ನೆನಪಿನ ಕಲ್ಲು. ಕೆಳಗಿನ ಅಂತಸ್ತಿನಲ್ಲಿ ಅವನು ಕುದುರೆಯೇರಿ ಕಾದಾಡುತ್ತಾನೆ, ನಡುವೆ ಅಪ್ಸರೆಯರು ಎತ್ತಿಕೊಂಡು ಹೋಗುತ್ತಾರೆ, ಮೇಲೆ ಶಿವನ ಮುಂದೆ ಕೂತಿರುತ್ತಾನೆ. ನಾನು ಕೆರೆಯ ಜೇಡಿಮಣ್ಣು ತಂದು, ಹಲಗೆಗೆ ಮೆತ್ತಿ, ಅಂಥದ್ದೇ ಒಂದು ಮಾಡಿದೆ. ನನ್ನ ವೀರ ಕುದುರೆಯ ಬದಲು ಬೈಕ್ ಏರಿದ. ಅಪ್ಸರೆಯರು ಎತ್ತಿಕೊಂಡಾಗ ಅವರ ಜೊತೆ ಸೆಲ್ಫಿ ತೆಗೆದುಕೊಂಡ. ಮುಖ ಯಾರದಿರಬೇಕೆಂದು ಬಹಳ ಯೋಚಿಸಲಿಲ್ಲ, ಕನ್ನಡಿ ಮುಂದಿಟ್ಟುಕೊಂಡು ಮೂರೂ ಅಂತಸ್ತಿಗೆ ನನ್ನದನ್ನೇ ಇಟ್ಟೆ. ಮೂಗು ಮಾತ್ರ ತುಸು ನೇರ ಮಾಡಿದೆ. ಕಲಾವಿದನಿಗೆ ಅಷ್ಟು ಸ್ವಾತಂತ್ರ್ಯ ಬೇಡವೇ? ಹಳತು ಕಾಣಲೆಂದು ಒಲೆಯ ಬೂದಿ ಬಳಿದು, ಬಿಸಿಲಿಗೆ ಬಿರಿಯಬಾರದೆಂದು ಮನೆ ಮುಂದಿನ ಬೇವಿನ ಬುಡಕ್ಕೆ ಆನಿಸಿಟ್ಟೆ.

ಪ್ರದರ್ಶನದ ದಿನ ಜಳಕ ಮುಗಿಸಿ, ಸೆಂಟು ಹೊಡೆದುಕೊಂಡು ಹೊರಬಂದರೆ ಬೇವಿನ ಬುಡದಲ್ಲಿ ಜನವೋ ಜನ. ನನ್ನ ಎಲ್ಲ ಹಣೆಗಳಿಗೂ ಕುಂಕುಮ. ಎದುರುಮನೆಯ ಗೌರಕ್ಕ ಆಗಲೇ ಊದಿನಕಡ್ಡಿ ಬೆಳಗಿ ಕಾಯಿ ಒಡೆದಿದ್ದಳು. ನಮ್ಮ ಕಡೆ ಬೇವಿನ ಬುಡದಲ್ಲಿ ಬೂದಿ ಬಳಿದ ಕಲ್ಲು ಕಂಡರೆ ಮೊದಲು ಕೈ ಮುಗಿಯುತ್ತಾರೆ, ಯಾವ ದೇವರೆಂದು ಆಮೇಲೆ ವಿಚಾರಿಸುತ್ತಾರೆ. ನಾನು ಗುಂಪಿನೊಳಗೆ ನುಗ್ಗಿದೆ. ಹಲಗೆ ಒಯ್ಯಲು ಗೆಳೆಯ ಮೈಬೂಬನ ಕಾಕಾ ಇನ್ನೇನು ಟಂಟಂ ಆಟೊ ತರುವವನಿದ್ದ.

"ಯಕ್ಕಾ, ಇದು ದೇವರಲ್ಲ. ನಾ ಮಾಡೇನಿ."

"ಹಂಗ ಅನಬಾರದು. ನಿನ್ನ ಕೈಲೆ ದೇವರ ಮಾಡಿಸ್ಕೊಂಡಾನ."

ಬೈಕ್ ತೋರಿಸಿದೆ. ಅದು ಕುದುರೆಯೇ, ಮೇವಿಲ್ಲದೆ ಸೊರಗಿದೆ ಎಂದಳು. ಮೊಬೈಲ್ ಗುರಾಣಿಯಾಯಿತು. ಕೊನೆಗೆ ನನ್ನ ಮುಖವನ್ನೇ ಹಲಗೆಯ ಪಕ್ಕ ಇಟ್ಟು, ಹೋಲುವುದಿಲ್ಲವೇ ನೋಡಿರಿ ಎಂದೆ. ಗೌರಕ್ಕ ಎರಡನ್ನೂ ಸಾವಕಾಶ ನೋಡಿದಳು.

"ಇಲ್ಲ ಬಿಡೋ ತಮ್ಮಾ. ದೇವರ ಮಾರಿಮ್ಯಾಲೆ ಕಳೆ ಐತಿ."

ಎತ್ತಲು ಹೋದರೆ ಕೈ ಹಿಡಿದಳು. ಕಾಯಿ ಒಡೆದ ಮೇಲೆ ಮಠದ ಸ್ವಾಮಿಗಳನ್ನು ಕೇಳದೆ ಕದಲಿಸುವಂತಿಲ್ಲವಂತೆ. ಸ್ವಾಮಿಗಳು ಮಸೂತಿ ಎಂಬ ಊರಿಗೆ ಹೋಗಿದ್ದರು.

ಅಷ್ಟರಲ್ಲಿ ಅವ್ವ ಗಿರಣಿಯಿಂದ ಹಿಟ್ಟಿನ ಡಬ್ಬಿ ಹೊತ್ತು ಬಂದಳು. ನನಗೆ ಹೋದ ಜೀವ ಬಂದಂತಾಯಿತು, ಹೆತ್ತವಳಾದರೂ ಗುರುತಿಸುತ್ತಾಳಲ್ಲ. ಗುರುತಿಸಿದಳು. ನಾನು ಹುರುಪಿನಿಂದ ವಿವರಿಸಿದೆ.

"ಇಲ್ಲಿ ನೋಡವ್ವಾ, ಗಾಡಿಮ್ಯಾಲೆ ನಾನು. ಇಲ್ಲಿ ಅಪ್ಸರೆಯರು ನನ್ನ ಎತಗೊಂಡು ಹೊಂಟಾರ."

"ಯಾಕ?"

"ನಾ ಸತ್ತೇನಲ್ಲಾ, ಅದಕ್ಕ."

ಗೌರಕ್ಕ ಬಾರಿಸುತ್ತಿದ್ದ ಗಂಟೆ ನಿಂತುಹೋಯಿತು. ಅವ್ವ ಡಬ್ಬಿ ಕೆಳಗಿಟ್ಟಳು. ಹಿಟ್ಟು ಮೆತ್ತಿದ ಅಂಗೈಯಿಂದ ನನ್ನ ಮುಖಗಳನ್ನು ಒಂದೊಂದಾಗಿ ಒರೆಸಿಹಾಕಿದಳು. ಮಣ್ಣು ಇನ್ನೂ ಹಸಿಯಾಗಿತ್ತು.

"ಗೌರಕ್ಕಾ, ನಿನ್ನ ಆರತಿ ತಗೊಂಡು ಮನಿಗೆ ನಡಿ," ಎಂದಳು. ಆಮೇಲೆ ನನಗೆ, "ಒಳಗ ಬಾ. ನನ್ನ ಕಣ್ಣ ಮುಂದ ಕುಂತು ರೊಟ್ಟಿ ತಿನ್ನು."

ಓಣಿ ಖಾಲಿಯಾಯಿತು. ಅವ್ವ ತಟ್ಟುತ್ತ ಹೋದಳು, ನಾನು ತಿನ್ನುತ್ತ ಹೋದೆ. ಹೊರಗೆ ಟಂಟಂ ಬಂದು ನಿಂತು ಹಾರ್ನ್ ಹೊಡೆಯಿತು. ಎದ್ದು ಹೋಗಿ, ನಾನು ಬರುವುದಿಲ್ಲ ಎಂದು ಒಂದು ಮಾತು ಹೇಳಿ ಬರುವಷ್ಟು ಧೈರ್ಯ ಈ ವೀರನಿಗೆ ಬರಲಿಲ್ಲ.