ಸೌನಾದಲ್ಲಿ ಬೆವರಿದ ಕೋವಿ

"ಈ ವರ್ಷ ನನ್ನ ಅಂಗಿಗೆ ಕತ್ತರಿ ಬಿದ್ದರೆ ನನ್ನ ಹೆಸರು ಆರ್ಮಸ್ ಕೊಸ್ಕೆಲಾ ಅಲ್ಲ!"

ಅರವತ್ತೆರಡನೇ ಇಸವಿಯ ಅಕ್ಟೋಬರ್ ಕೊನೆಯ ಭಾನುವಾರ, ಅಡುಗೆಮನೆಯ ನಟ್ಟನಡುವೆ ನಿಂತು, ಕಾಫಿ ಲೋಟವನ್ನು ಮೇಲಕ್ಕೆತ್ತಿ ನಾನು ಮಾಡಿದ ಭೀಷ್ಮಪ್ರತಿಜ್ಞೆ ಇದು.

ಹೆಂಡತಿ ಲೆಂಪಿ ಹಿಟ್ಟು ನಾದುತ್ತಿದ್ದವಳು ತಲೆ ಎತ್ತಲಿಲ್ಲ. "ಹೆಸರು ಬದಲಾಯಿಸೋಕೆ ಕೋರ್ಟಿಗೆ ಅಲೀಬೇಕಾಗತ್ತೆ. ಅದರ ಬದಲು ಅಂಗೀನೇ ಒಂದು ಗೇಣು ಉದ್ದ ಹೊಲೀತೀನಿ ಬಿಡು."

ಅವಳ ಮಾತಿನಲ್ಲಿ ಅನುಭವವಿತ್ತು. ನಮ್ಮ ಶಿಕಾರಿ ಗುಡಿಸಲಿನ ಕಾನೂನು ಹಾಗಿದೆ. ಜಿಂಕೆಗೆ ಗುರಿಯಿಟ್ಟು ಗುಂಡು ಹಾರಿಸಿ, ಅದು ತಪ್ಪಿತೋ, ಹಾರಿಸಿದವನ ಅಂಗಿಯ ಹಿಂದಿನ ಅಂಚನ್ನು ಕತ್ತರಿಸಿ, ಅದರ ಮೇಲೆ ಹೆಸರು ಬರೆದು ಗೋಡೆಗೆ ಮೊಳೆ ಹೊಡೆಯುತ್ತಾರೆ. ಆ ಗೋಡೆಯ ಮೇಲೆ ನನ್ನವೇ ಏಳು ತುಂಡುಗಳಿದ್ದವು. ಮೂರು ಚೌಕಳಿ, ಎರಡು ಪಟ್ಟೆ, ಎರಡು ಅಪ್ಪಟ ಕೆಂಪು. ಹೊಸಬರು ಯಾರಾದರೂ ಬಂದರೆ ಅದನ್ನು ನನ್ನ ಬಟ್ಟೆ ಅಂಗಡಿ ಎಂದುಕೊಳ್ಳುತ್ತಿದ್ದರು.

"ತಪ್ಪು ನಂದಲ್ಲ ಕಣೇ! ನಿಮ್ಮಪ್ಪ ಕೊಡ್ತಾರಲ್ಲ, ಆ ಎರವಲು ಕೋವೀದು."

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ."

ಆದರೆ ಈ ಸಲದ ವಿಷಯ ಬರೀ ಅಂಗಿಯದಾಗಿರಲಿಲ್ಲ. ಜೌಗಿನ ಅಂಚಿನಲ್ಲಿ ಒಂದು ಹಳೆಯ ದೇವದಾರು ಮರವಿದೆ. ಅದರ ಬುಡದಲ್ಲಿ ಕೂತು ನನ್ನ ಮಾವ ಸುಲೋ ರೌಟಿಯೊ ನಲವತ್ತೊಂದು ವರ್ಷ, ಒಂದು ವರ್ಷವೂ ತಪ್ಪದೆ, ಶಿಕಾರಿಯ ಮೊದಲ ದಿನವನ್ನು ಕಳೆದವರು. ಈಗ ಅವರ ಮಂಡಿ ಕೈಕೊಟ್ಟಿತ್ತು. "ಇದೇ ಕೊನೇ ವರ್ಷ. ಈ ಸಲ ನಮ್ಮ ಮನೆಯವರಲ್ಲಿ ಮೊದಲ ಗಂಡು ಜಿಂಕೆ ಯಾರದೋ, ಮುಂದೆ ಆ ಜಾಗ ಅವರದು" ಎಂದು ಘೋಷಿಸಿಬಿಟ್ಟಿದ್ದರು. ಸ್ಪರ್ಧೆಯಲ್ಲಿ ಇದ್ದವರು ಇಬ್ಬರೇ, ಅಳಿಯನಾದ ನಾನು ಮತ್ತು ಅವರ ಮಗ ವೆಯ್ಕೊ. ಆ ಮರದ ಬುಡಕ್ಕಾಗಿ ನಾನು ಎಷ್ಟು ಆಸೆಪಟ್ಟಿದ್ದೆನೆಂದರೆ, ಕನಸಿನಲ್ಲಿ ಬೆನ್ನಿಗೆ ಅದರ ತೊಗಟೆ ಒತ್ತುತ್ತಿತ್ತು. ಸಿಕ್ಕರೆ ನಾನು ಈ ಮನೆತನದ ಬೇಟೆಗಾರ. ಸಿಗದಿದ್ದರೆ ಸಾಯುವವರೆಗೆ ಬಟ್ಟೆ ಅಂಗಡಿ ಮಾಲೀಕ!

ಸ್ವಂತ ಕೋವಿ ಬೇಕೇ ಬೇಕಾಯಿತು. ಮಾರನೇ ದಿನವೇ ಪೇಟೆಯ ಕಬ್ಬಿಣದ ಸಾಮಾನಿನ ಅಂಗಡಿಗೆ ಹೋದೆ. ಸಲಿಕೆ, ಗುದ್ದಲಿಗಳ ಪಕ್ಕ ಒಂದು ಪೀಪಾಯಿ. ಅದರೊಳಗೆ ಛತ್ರಿಗಳಂತೆ ನಿಲ್ಲಿಸಿದ್ದ ಸೈನ್ಯದ ಹಳೆಯ ರೈಫಲ್‌ಗಳು. ಯಾವುದನ್ನು ಎತ್ತಿಕೊಂಡರೂ ಹದಿನಾಲ್ಕು ಡಾಲರ್. ನನ್ನ ಕೈಗೆ ಬಂದದ್ದು ರಷ್ಯದ ಚಕ್ರವರ್ತಿಯ ಕಾಲದ್ದು. ಅದರ ಉದ್ದವಾದರೂ ಎಷ್ಟು! ಕಾರಿನ ಕಿಟಕಿಯಿಂದ ಮೂತಿ ಹೊರಹಾಕಿಕೊಂಡು, ದಾರಿಯುದ್ದಕ್ಕೂ ಜನರನ್ನು ಬೆದರಿಸುತ್ತಲೇ ಅದು ಮನೆಗೆ ಬಂತು.

ಲೆಂಪಿ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು. "ಕೋವಿಯೋ, ಬಟ್ಟೆ ಒಣಗಿಸೋ ಗಳವೋ?"

"ಒಂದು ವಾರ ತಡಿ. ಊರಿನ ಗಡಿಯಾರಗಳೆಲ್ಲಾ ನಡೀತಿರೋದು ಈ ಕೈಯಿಂದ. ಇದೊಂದು ಕೋವಿ ರಿಪೇರಿ ನನಗ್ಯಾವ ಲೆಕ್ಕ!"

ಹೌದು, ನಾನು ಗಡಿಯಾರ ರಿಪೇರಿಯವನು. ನನ್ನ ಸಕಲ ಅನರ್ಥಗಳ ಮೂಲವೂ ಅದೇ. ಓರೆಯಾದ ಮುಳ್ಳು ಕಂಡರೆ ನನ್ನ ಕೈ ಸುಮ್ಮನಿರದು. ಈ ಕೋವಿಯ ನಳಿಗೆಯ ತುದಿಯಲ್ಲಿ, ಗುರಿ ನೋಡಲು ಇರುವ ಪುಟ್ಟ ಮೊಳೆ ನಡುವಿನಿಂದ ಒಂದು ಕೂದಲೆಳೆಯಷ್ಟು ಪಕ್ಕಕ್ಕೆ ಸರಿದಿತ್ತು. 'ಅಯ್ಯೋ ಪಾಪ, ಐವತ್ತು ವರ್ಷ ಒಬ್ಬನೇ ಒಬ್ಬ ಸಿಪಾಯಿಯ ಕಣ್ಣಿಗೂ ಬೀಳಲಿಲ್ಲವೇ!' ಎಂದು ಮರುಗಿ, ಗಡಿಯಾರದ ಸುತ್ತಿಗೆ ಎತ್ತಿಕೊಂಡು ಟಕ್, ಟಕ್, ಟಕ್ ಎಂದು ಮೂರೇ ಪೆಟ್ಟಿಗೆ ನಡುಮಧ್ಯಕ್ಕೆ ತಂದು ಕೂರಿಸಿದೆ. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಉಳಿದದ್ದು ಜಿಡ್ಡು. ತುಕ್ಕು ಹಿಡಿಯದಿರಲೆಂದು ಸೈನ್ಯದವರು ಕೋವಿಗೆ ಅಡಿಯಿಂದ ಮುಡಿಯವರೆಗೆ ಕಂದು ಬಣ್ಣದ ಒಂದು ಮೇಣ ಬಳಿದಿದ್ದರು. ವರ್ಷಗಟ್ಟಲೆ ಕೂತು ಅದು ಕಲ್ಲಾಗಿತ್ತು. ಒಂದು ಗುಂಡು ಹಾರಿದ ಮೇಲೆ ಬೋಲ್ಟಿನ ಹಿಡಿ ಎತ್ತಿ, ಹಿಂದಕ್ಕೆಳೆದು, ಮುಂದಕ್ಕೆ ತಳ್ಳಿದರೆ ಮುಂದಿನ ಗುಂಡು ಸಿದ್ಧವಾಗಬೇಕು. ನನ್ನ ಕೋವಿಯ ಬೋಲ್ಟು ಎರಡೂ ಕೈ ಹಾಕಿ, ಒಂದು ಕಾಲು ಗೋಡೆಗೆ ಕೊಟ್ಟು ಎಳೆದರೂ ಅಲುಗಲಿಲ್ಲ. ಕೆರೆದೆ, ಉಜ್ಜಿದೆ, ಬೈದೆ. ಮೇಣ ನನ್ನ ಉಗುರಿಗೆ ಬಂತೇ ಹೊರತು ಕೋವಿಯನ್ನು ಬಿಡಲಿಲ್ಲ.

ಶಿಕಾರಿಗೆ ಇನ್ನು ಐದೇ ದಿನ. ಶನಿವಾರ ಬೆಳಿಗ್ಗೆ ಲೆಂಪಿ ಚರ್ಚಿನ ಕೆಲಸಕ್ಕೆ ಹೋದಳು. ಹಿತ್ತಲಿನ ಸೌನಾ, ನಮ್ಮ ಉಗಿಸ್ನಾನದ ಮರದ ಕೋಣೆ, ನನ್ನ ಕಣ್ಣಿಗೆ ಬಿತ್ತು. ತಲೆಯಲ್ಲಿ ದೀಪ ಹತ್ತಿತು! ಮನುಷ್ಯನ ಮೈಯೊಳಗಿನ ಕೊಳೆಯನ್ನೆಲ್ಲ ಬೆವರಿಳಿಸಿ ತೆಗೆಯುವ ಸೌನಾ ಕೋವಿಯ ಕೊಳೆ ತೆಗೆಯದೇ? ನೆಗಡಿಗೆ ಸೌನಾ, ಸೊಂಟನೋವಿಗೆ ಸೌನಾ, ಬೇಜಾರಿಗೂ ಸೌನಾ ಎನ್ನುವ ಜನ ನಾವು. ನಾನು ಹುಟ್ಟಿದ್ದೂ ಸೌನಾದಲ್ಲೇ. ಕೋವಿಗೊಂದು ಯಾಕಾಗಬಾರದು?

ಒಲೆಗೆ ಸೌದೆ ತುಂಬಿದೆ. ಅದರ ಮೇಲೆ ಪೇರಿಸಿದ್ದ ಕಲ್ಲುಗಳು ಕೆಂಡವಾದವು. ಕೋವಿಯನ್ನು ಬರುವಷ್ಟು ಬಿಚ್ಚಿ, ಮೇಲಿನ ಬೆಂಚಿನ ಮೇಲ್ಗಡೆ ತಂತಿ ಕಟ್ಟಿ ಒಂದೊಂದೇ ಭಾಗವನ್ನು ತೂಗುಹಾಕಿದೆ. ಎರಡು ಗಂಟೆ ಬಿಟ್ಟು ಬಾಗಿಲು ತೆರೆದರೆ, ಆಹಾ! ಕೋವಿ ಧಾರಾಕಾರವಾಗಿ ಬೆವರುತ್ತಿತ್ತು. ಬೋಲ್ಟು ಬೆಣ್ಣೆಯ ಮೇಲಿನ ಚಾಕುವಿನಂತೆ ಜಾರಿತು. ಮೇಲಿನ, ಕೆಳಗಿನ ಎರಡೂ ಬೆಂಚುಗಳ ಮೇಲೆ ಒಂದಿಷ್ಟು ಬೆವರು ಸೋರಿದ್ದೇನೋ ನಿಜ. ಬಿಸಿನೀರು ಸುರಿದು ಪೊರಕೆಯಲ್ಲಿ ತಿಕ್ಕಿದೆ. ಆ ಹಳೆಯ ಹಲಗೆಗಳಿಗೆ ಎಂದೂ ಇರದ ಒಂದು ಹೊಳಪು ಬಂತು. ಒಂದು ಕೆಲಸಕ್ಕೆ ಹೋಗಿ ಎರಡು ಕೆಲಸ ಮುಗಿಸಿದೆನೆಂದು ಬೀಗಿದೆ.

ಅತ್ತೆ ತೀರಿಕೊಂಡ ಮೇಲೆ ಪ್ರತಿ ಶನಿವಾರ ಸಂಜೆ ಮಾವನ ಸೌನಾ ನಮ್ಮಲ್ಲೇ. ಐದು ಗಂಟೆಗೆ ಸರಿಯಾಗಿ ಮಾವ ಮತ್ತು ವೆಯ್ಕೊ ಟವೆಲ್ ಹೆಗಲಿಗೇರಿಸಿ ಬಂದರು. ಮೂವರೂ ಹುಟ್ಟಿದುಡುಗೆಯಲ್ಲಿ ಮೇಲಿನ ಬೆಂಚು ಹತ್ತಿದೆವು.

ಮಾವ ಹಲಗೆ ಸವರಿದರು. "ಏನಳಿಯಾ, ವಾರ್ನಿಷ್ ಹೊಡೆದಿದ್ದೀಯಾ?"

"ನಿಮಗೋಸ್ಕರ ಸ್ವಲ್ಪ ಪಾಲಿಶ್ ಮಾಡಿದೆ ಮಾವ."

"ಭೇಷ್! ಕೂರೋಕೆ ಒಳ್ಳೆ ಹಿತವಾಗಿದೆ."

ಮಾವ ಕಲ್ಲಿನ ಮೇಲೆ ನೀರೆರಚಿದರು. ನಾವೂ ಎರಚಿದೆವು. ಮೊದಲು ಎದ್ದವನು ಹೇಡಿ ಎಂಬುದು ಅಲಿಖಿತ ನಿಯಮವಾದ್ದರಿಂದ ಮುಕ್ಕಾಲು ಗಂಟೆ ಯಾರೂ ಏಳಲಿಲ್ಲ. ಆಮೇಲೆ ಹೊರಗೋಡಿ ಹಿಮದಲ್ಲಿ ಹೊರಳಾಡಿ, ಒಗೆದ ಉಣ್ಣೆಯ ಒಳಉಡುಪು ಏರಿಸಿಕೊಂಡು, ಕಾಫಿಗೆಂದು ಅಡುಗೆಮನೆಯ ಕುರ್ಚಿಗಳಲ್ಲಿ ಕೂತೆವು. ಲೆಂಪಿ ಏಲಕ್ಕಿ ಹಾಕಿದ ಬಿಸಿ ಬ್ರೆಡ್ ಕೊಯ್ದಿಟ್ಟಳು. ಸ್ವರ್ಗಕ್ಕೆ ಮೂರೇ ಗೇಣು ಉಳಿದಿತ್ತು.

ಮಾವ ಎರಡನೇ ಲೋಟ ಕಾಫಿಗೆ ಎದ್ದರು. ಅವರ ಜೊತೆ ಕುರ್ಚಿಯೂ ಎದ್ದಿತು.

ಮಾವ ಹಿಂತಿರುಗಿ ನೋಡಿದರು. ಕುರ್ಚಿಯೂ ತಿರುಗಿತು. "ಲೆಂಪೀ, ಇದ್ಯಾಕೆ ನನ್ನ ಹಿಂದೇನೇ ಬರ್ತಿದೆ?"

ಸಹಾಯಕ್ಕೆ ವೆಯ್ಕೊ ಎದ್ದ, ಕುರ್ಚಿ ಸಮೇತ. ಗಾಬರಿಯಲ್ಲಿ ನಾನೂ ಎದ್ದೆ. ಬಿಸಿಯಲ್ಲಿ ಕರಗಿ ನಮಗಂಟಿದ ಮೇಣ ಹಿಮದಲ್ಲಿ ಹೊರಳುವಾಗ ಗಟ್ಟಿಯಾಗಿ, ಅಡುಗೆಮನೆಯ ಕಾವಿಗೆ ಮತ್ತೆ ಇಳಿದು, ಉಣ್ಣೆ ದಾಟಿ, ಕುರ್ಚಿಯ ದಿಂಬನ್ನು ತಬ್ಬಿಕೊಂಡಿತ್ತು. ಆ ದಿಂಬುಗಳು ಅತ್ತೆ ಕೈಯಾರೆ ಕಸೂತಿ ಹಾಕಿದವು.

ಲೆಂಪಿ ಸೊಂಟಕ್ಕೆ ಕೈಕೊಟ್ಟು ನಿಂತಳು. "ಆರ್ಮಸ್, ಬೆಳಿಗ್ಗೆ ಸೌನಾದಲ್ಲಿ ಏನು ಬೇಯಿಸ್ದೆ?"

"ಕೋವಿ" ಎಂದೆ. ದನಿ ನನಗೇ ಕೇಳಿಸಲಿಲ್ಲ.

ಕೋವಿಯನ್ನು ಹೊರತಂದು ತೋರಿಸಬೇಕಾಯಿತು. ನೋಡುತ್ತಿದ್ದಂತೆಯೇ ಮಾವನ ಮುಖ ಕೆಂಪಗಾಯಿತು. "ರಷ್ಯದವರ ಕೋವಿ! ಹಳೇ ನಾಡು ಅವರ ಚಕ್ರವರ್ತಿ ಕೈಲಿದ್ದಾಗ ನಮ್ಮಪ್ಪ ಇದರ ಕಾಟಕ್ಕೇ ಊರು ಬಿಟ್ಟು ಈ ದೇಶಕ್ಕೆ ಹಡಗು ಹತ್ತಿದ್ದು. ಅರವತ್ತು ವರ್ಷ ಆದ್ಮೇಲೆ ಸಮುದ್ರ ದಾಟಿ, ಹುಡುಕ್ಕೊಂಡು ಬಂದು, ನನ್ನ ಅಂಡಿಗೆ ಅಂಟಿಕೊಳ್ತಲ್ಲೋ!"

"ಈಗೇನು, ಮೂರೂ ಜನ ಕುರ್ಚಿ ಸಮೇತ ಕಾಡಿಗೆ ಹೋಗಿ. ಕೂರೋಕೆ ಅನುಕೂಲ" ಎಂದಳು ಲೆಂಪಿ.

ಸೋಪಿಗೆ ಬಗ್ಗದ ಮೇಣ ಬಗ್ಗಿದ್ದು ಸೀಮೆಎಣ್ಣೆಗೆ. ತಿಕ್ಕಿ ತಿಕ್ಕಿ ಮೂವರ ಹಿಂಭಾಗವೂ ಟೊಮೇಟೊ ಬಣ್ಣಕ್ಕೆ ತಿರುಗಿತು. ಮೇಣ ಹೋಯಿತು, ನಾತ ಉಳಿಯಿತು. ಭಾನುವಾರ ತೊಳೆದೆವು, ಸೋಮವಾರ ತೊಳೆದೆವು, ಮಂಗಳವಾರ ಬಾಗಿಲಲ್ಲಿ ನಮ್ಮನ್ನು ಕಂಡ ನಾಯಿ ಸೀನಿತು. ಬೇಸರ ಕಳೆಯಲು ತಂತಮ್ಮ ಕೋವಿಗಳನ್ನು ಒರೆಸುತ್ತಾ ಕೂತ ಮಾವ ಮತ್ತು ವೆಯ್ಕೊ ಅವಕ್ಕೂ ಅದೇ ನಾತ ಹಚ್ಚಿದರು. ನನ್ನ ಕೋವಿಯನ್ನು ಮುಟ್ಟಲು ಲೆಂಪಿ ನನಗೆ ಬಿಡಲಿಲ್ಲ. ಕುದಿಯುವ ನೀರು, ಸೋಪು, ಚಿಂದಿ ಸುತ್ತಿದ ಹೆಣಿಗೆ ಕಡ್ಡಿ ಹಿಡಿದು, ಬೋಲ್ಟಿನ ಸಂದುಗೊಂದುಗಳಲ್ಲಿ ಉಳಿದಿದ್ದ ಮೇಣವನ್ನೆಲ್ಲ ತೆಗೆದು, ಒಣಗಿಸಿ, ತೆಳುವಾಗಿ ಎಣ್ಣೆ ಸವರಿ ತಾನೇ ಜೋಡಿಸಿಟ್ಟಳು.

ಬುಧವಾರ ಸಂಜೆ ಅಡುಗೆಮನೆಯಲ್ಲಿ ಮಾವ ತಮ್ಮ ತೋಳನ್ನು ತಾವೇ ಮೂಸಿ ನೋಡಿಕೊಂಡರು. ಗುರುವಾರ ಬೆಳಕು ಹರಿದರೆ ಶಿಕಾರಿ. "ಒಂದು ಮೈಲಿ ದೂರದಿಂದ್ಲೇ ಜಿಂಕೆಗೆ ಗೊತ್ತಾಗತ್ತೆ. ನಾನು ಹೋಗಿ ಕೂತ್ರೆ ಆ ಜಾಗಾನೇ ಕೆಡತ್ತೆ. ನಲವತ್ತೊಂದು ವರ್ಷ..." ಎಂದು ನಿಲ್ಲಿಸಿದರು. ಅವರ ಕಣ್ಣು ತುಂಬಿತ್ತು. ನಗುವ ವಿಷಯ ಅಲ್ಲಿಗೆ ಮುಗಿದಿತ್ತು. ಮರದ ಬುಡ ನನಗೆ ಸಿಗದಿದ್ದರೆ ಹಾಳಾಗಲಿ, ಆ ಮುದುಕನ ಕೊನೆಯ ವರ್ಷವನ್ನು ನಾನು ಕಿತ್ತುಕೊಂಡಿದ್ದೆ.

"ನನಗೆ ನಾತ ಇಲ್ಲ" ಎಂದಳು ಲೆಂಪಿ.

ಎಲ್ಲರೂ ತಿರುಗಿದೆವು. ಅವಳು ಏಲಕ್ಕಿ ಡಬ್ಬಿಯ ಹಿಂದೆ ಕೈಹಾಕಿ ಒಂದು ಚೀಟಿ ತೆಗೆದಳು. ಬೇಟೆಗಾರರು ಅಂಗಿಯ ಬೆನ್ನಿಗೆ ಪಿನ್ನಿನಿಂದ ಚುಚ್ಚಿಕೊಳ್ಳುವ ಪರವಾನಗಿ, ಆ ವರ್ಷದ್ದೇ.

"ಇದನ್ನ ಯಾವಾಗ ತಗೊಂಡೆ?" ಎಂದೆ.

"ಮದುವೆಯಾದಾಗಿಂದ ಪ್ರತಿ ವರ್ಷ ತಗೊಳ್ತಿದ್ದೀನಿ. ಚಿಕ್ಕೋಳಿದ್ದಾಗ ಅಪ್ಪ ನನ್ನ ಆ ಮರದ ಹತ್ರ ಕೂರಿಸಿಕೊಳ್ತಿದ್ದ. ವೆಯ್ಕೊ ದೊಡ್ಡೋನಾದ್ಮೇಲೆ ನಾನು ಬ್ರೆಡ್ ಮಾಡೋಕೆ ಉಳಿದೆ. ನೀವು ಕರೀಲಿಲ್ಲ, ನಾನು ಕೇಳಲಿಲ್ಲ."

ಮಾವ ಎದ್ದು, ತಮ್ಮ ಹಳೆಯ ದಿಕ್ಸೂಚಿಯನ್ನು ಜೇಬಿನಿಂದ ತೆಗೆದು ಮಗಳ ಕೈಯಲ್ಲಿಟ್ಟರು.

"ನಾನು ತೊಳೆದಿರೋ ಕೋವೀನೇ ಒಯ್ತೀನಿ" ಎಂದಳು. "ಗುರಿ ಸರಿ ಇದೆಯೇನೋ?"

"ಅದನ್ನ ಮಾತ್ರ ನೀನು ಕೇಳೋ ಹಾಗೇ ಇಲ್ಲ! ಗುಂಡು ದಂಡ ಮಾಡಿ ಪರೀಕ್ಷೆ ಮಾಡೋದೂ ಬೇಡ. ಈ ಕೈಯಾರೆ ನಡುಮಧ್ಯಕ್ಕೆ ಕೂರಿಸಿದ್ದೀನಿ" ಎಂದೆ ಎದೆ ತಟ್ಟಿ.

ಕಾಡಿನಲ್ಲಿ ದೂರಕ್ಕೆ ಕಾಣಲೆಂದು ತೊಡುವ ಶಿಕಾರಿಯ ಕೆಂಪು ಅಂಗಿ ಅವಳಿಗೆ ಇರಲಿಲ್ಲ. ನನಗೆಂದೇ ಅವಳು ಹೊಲಿದಿದ್ದ ಹೊಸ ಅಂಗಿ, ಸೀಮೆಎಣ್ಣೆ ಸೋಕದೆ ಕಪಾಟಿನಲ್ಲಿತ್ತು. ಅದನ್ನೇ ಹಾಕಿಕೊಂಡಳು. ಎಂಥ ಉದಾರಿ ನಾನು! ಸಂತೋಷವಾಗಿ ಕೊಟ್ಟೆ.

ಗುರುವಾರ ಗುಡಿಸಲಿನಲ್ಲಿ ನಾವು ಮೂವರು ನಾತದ ಗಂಡಸರು ಆಲೂಗೆಡ್ಡೆ ಸುಲಿಯುತ್ತಾ ಕೂತಿದ್ದೆವು. ಎಂಟು ಗಂಟೆಯ ಹೊತ್ತಿಗೆ ಜೌಗಿನ ಕಡೆಯಿಂದ ಢಮ್ ಎಂಬ ಸದ್ದು. ಮಾವನ ಚಾಕು ನಿಂತಿತು. ನಾನು ಉಸಿರೆಳೆಯುವಷ್ಟರಲ್ಲಿ ಮತ್ತೊಂದು ಢಮ್. ಬೋಲ್ಟು ಬೆಣ್ಣೆಯಂತೆ ಜಾರಿರಬೇಕು!

ಅರ್ಧ ಗಂಟೆಯಲ್ಲಿ ಲೆಂಪಿ ಬಾಗಿಲಲ್ಲಿ ನಿಂತಿದ್ದಳು. ಮೂಗು ಕೆಂಪು, ಕಣ್ಣಲ್ಲಿ ಮಿಂಚು. "ಎಂಟು ಕವಲಿನ ಕೊಂಬು. ಎಳೆಯೋಕೆ ಬನ್ನಿ."

ಮಾವ ಮಗಳನ್ನು ತಬ್ಬಿಕೊಂಡು, ಸೀಮೆಎಣ್ಣೆ ನೆನಪಾಗಿ ಬಿಟ್ಟು, ಮತ್ತೆ ತಬ್ಬಿಕೊಂಡರು. "ಜಾಗ ನಿಂದು ಮಗಳೇ. ಅದು ಯಾವತ್ತೂ ನಿಂದೇ ಆಗಿತ್ತು, ನನಗೇ ತೋಚಲಿಲ್ಲ." ನನಗೂ ಕಣ್ಣು ಒದ್ದೆಯಾಯಿತು. ಮರ ಹೋದರೂ ಮನೆಯೊಳಗೇ ಹೋಯಿತಲ್ಲ! ಅದಲ್ಲದೆ, ಗುಂಡೇ ಹಾರಿಸದ ನನ್ನ ಅಂಗಿಗೆ ಈ ವರ್ಷ ಯಾವ ಕತ್ತರಿಯೂ ತಾಗುವಂತಿರಲಿಲ್ಲ. ಪ್ರತಿಜ್ಞೆ ಗೆದ್ದಿತ್ತು!

"ಎರಡು ಸದ್ದು ಕೇಳಿಸ್ತಲ್ಲ?" ಎಂದ ವೆಯ್ಕೊ.

"ಮೊದಲನೇದು ಒಂದು ಗೇಣು ಎಡಕ್ಕೆ ಹೋಗಿ ಮರಕ್ಕೆ ಬಿತ್ತು. ಎರಡನೇ ಸಲ ಒಂದು ಗೇಣು ಬಲಕ್ಕೆ ಹಿಡಿದೆ" ಎಂದಳು ಲೆಂಪಿ.

ಮಾವ ಕೋವಿ ಎತ್ತಿ, ಗುರಿಮೊಳೆಯನ್ನು ಕಣ್ಣಿಗೆ ಹತ್ತಿರ ಹಿಡಿದರು. ಪಕ್ಕದಲ್ಲಿ ಹಳೆಯ ಜಾಗದ ಗುರುತು ಬೆಳ್ಳಗೆ ಹೊಳೆಯುತ್ತಿತ್ತು. "ಯಾವನೋ ಪುಣ್ಯಾತ್ಮ ಗುಂಡು ಹಾರಿಸಿ ಹಾರಿಸಿ, ಗುರಿ ನೋಡಿಯೇ ಇದನ್ನ ಓರೆಗೆ ಕೂರಿಸಿದ್ದ. ನೆಟ್ಟಗೆ ಮಾಡಿದ್ದು ಯಾರು?"

ನಾನು ಆಲೂಗೆಡ್ಡೆಯ ಕಡೆ ನೋಡಿದೆ.

"ತಪ್ಪಿದ ಗುಂಡು ತಪ್ಪಿದ ಗುಂಡೇ. ಮಗಳಾದ್ರೂ ಅಷ್ಟೇ, ಕಾನೂನು ಕಾನೂನೇ" ಎಂದು ಮಾವ ಮೊಳೆಗೆ ನೇತುಹಾಕಿದ್ದ ಕತ್ತರಿ ತೆಗೆದರು. ಲೆಂಪಿ ಖುಷಿಯಿಂದ ಬೆನ್ನು ತಿರುಗಿಸಿ ನಿಂತಳು. ಕರಕ್!

ಮಾವ ಪೆನ್ಸಿಲಿನ ಮೊನೆಯನ್ನು ನಾಲಿಗೆಗೆ ತಾಗಿಸಿಕೊಂಡರು. "ಹೆಸರು ಯಾರದ್ದು ಬರೀಲಿ?"

"ಅಂಗಿ ಯಾರದ್ದು?" ಎಂದಳು ಲೆಂಪಿ.

ಈಗ ಆ ಗೋಡೆಯ ಮೇಲೆ ನನ್ನವು ಎಂಟು ತುಂಡುಗಳಿವೆ. ಆಲೂಗೆಡ್ಡೆ ಸುಲಿಯುತ್ತಾ ಕೂತಲ್ಲಿಂದಲೇ, ಅರ್ಧ ಮೈಲಿ ದೂರದ ಜಿಂಕೆಗೆ ಗುರಿ ತಪ್ಪಿಸಿದ ಬೇಟೆಗಾರ ಇಡೀ ಊರಿನಲ್ಲಿ ನಾನೊಬ್ಬನೇ!