ಹಿಂದಿನ ರೆಕ್ಕೆ ಮತ್ತು ಎರಡು ಮೂಟೆ ಅಕ್ಕಿಯ ಕುರಿತು

ಇಂದ:
ನುಕಾಗ ತೆತ್ಸುರೋ, 46 ವರ್ಷ
ಮನೆ ಸಂಖ್ಯೆ 504, ಮಿದೋರಿದಾಯಿ ಹೈಟ್ಸ್, ತೊಚಿಗಿ
(ಇಲ್ಲಿಂದ ಮುಂದೆ 'ಅರ್ಜಿದಾರ')

ಗೆ:
ಶ್ರೀಮತಿ ನುಕಾಗ ಚಿಹಾರು
ಈ ಸಾಲಿನ ಪಾರ್ಕಿಂಗ್ ಮೇಲ್ವಿಚಾರಕರು, ನಿವಾಸಿಗಳ ಸಂಘ
ಮನೆ ಸಂಖ್ಯೆ 504, ಅದೇ ಕಟ್ಟಡ

ವಿಷಯ: ಸ್ಪೋರ್ಟ್ಸ್ ಕಾರಿನ ಹಿಂದಿನ ರೆಕ್ಕೆಯನ್ನು ಬಿಚ್ಚದೆ, ಚಾಲಕನ ಸೀಟಿನಲ್ಲಿ ಎರಡು ಮೂಟೆ ಅಕ್ಕಿ ಕೂರಿಸಿ ನಿಲ್ಲಿಸಲು ಮೂರು ವಾರಗಳ ಅನುಮತಿ ಕೋರಿ.

ಉಲ್ಲೇಖ:
1) ತಮ್ಮ ಮೌಖಿಕ ಆದೇಶ, ಏಪ್ರಿಲ್ 14, ರೇಸ್ ಟ್ರ್ಯಾಕ್ ಎದುರಿನ ಬಸ್ ನಿಲ್ದಾಣ.
2) ತಮ್ಮ ಲಿಖಿತ ನೋಟಿಸು, ನವೆಂಬರ್ 4, ನಮ್ಮಿಬ್ಬರ ಅಂಚೆಪೆಟ್ಟಿಗೆ.

ಮಾನ್ಯರೇ,

ಅರ್ಜಿದಾರನೂ ತಾವೂ ಗಂಡ ಹೆಂಡತಿಯಾಗಿದ್ದು ಒಂದೇ ಮನೆಯಲ್ಲಿ ವಾಸವಿರುವ ಕಾರಣ ಈ ಅರ್ಜಿಯ ಅಗತ್ಯ ಬೀಳಬಾರದಿತ್ತು. ಆದರೆ ಮೊನ್ನೆ ಅರ್ಜಿದಾರನು ಊಟಕ್ಕೆ ಕುಳಿತಾಗ ಈ ಮಾತು ತೆಗೆಯಲಾಗಿ, ತಾವು ಮೀನಿನ ಮುಳ್ಳು ಬಿಡಿಸುತ್ತಲೇ, "ಸಂಘದ ವಿಷ್ಯ ಊಟದ ಹೊತ್ತಲ್ಲಿ ಬೇಡ ರೀ. ಏನಿದ್ರೂ ಬರೆದು ಕೊಡಿ. 302ರ ಇಗರಾಶಿ ಸಾನ್‌ಗೂ ಅದನ್ನೇ ಹೇಳಿದೀನಿ. ಅವರಿಗೊಂದು ನ್ಯಾಯ ನಿಮಗೊಂದು ನ್ಯಾಯ ಮಾಡಕ್ಕಾಗಲ್ಲ" ಎಂದು ಅಪ್ಪಣೆ ಕೊಟ್ಟಿರುತ್ತೀರಿ. ಆದ್ದರಿಂದ ಬಿನ್ನವಿಸಿಕೊಳ್ಳುವುದೇನೆಂದರೆ:

1. ಏಪ್ರಿಲ್ 14ರಂದು ತಾವು ಪಕ್ಕದ ಸೀಟಿನಲ್ಲಿದ್ದಾಗ, ಟ್ರ್ಯಾಕಿನ ಎಂಟನೇ ತಿರುವಿನಲ್ಲಿ ಕಾರಿನ ಹಿಂಭಾಗವು ಮುಂಭಾಗವನ್ನು ಹಿಂದೆ ಹಾಕಲು ಯತ್ನಿಸಿ, ಕಾರು ಎರಡೂವರೆ ಸುತ್ತು ಗಿರಗಿರನೆ ತಿರುಗಿ ಹುಲ್ಲಿನ ಮೇಲೆ ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ. ತಾವು ಕೆಳಗಿಳಿದು, ಅಂಗಿ ಕೊಡವಿಕೊಂಡು, ನೇರ ಬಸ್ ನಿಲ್ದಾಣಕ್ಕೆ ನಡೆದಿರಿ. ಅರ್ಜಿದಾರನು ಹಿಂದೆ ಓಡಿಬಂದಾಗ ತಾವು ಹೇಳಿದ್ದು: "ಹಿಂದಿನ ಚಕ್ರ ನೆಲ ಕಚ್ಚಿಕೊಂಡಿರೋ ಕಾರಾದ ದಿನ ಕರೀರಿ, ಬರ್ತೀನಿ. ಅಲ್ಲೀವರೆಗೂ ನನ್ನ ಕರೀಬೇಡಿ." ಇದೇ ಉಲ್ಲೇಖ (1). ತಾವು ಇದನ್ನು ಸಿಟ್ಟಿನಲ್ಲಿ ಹೇಳಿರಬಹುದು. ಅರ್ಜಿದಾರನು ಇದನ್ನು ತಾಂತ್ರಿಕ ಸೂಚನೆಯೆಂದು ಸ್ವೀಕರಿಸಿದನು.

2. ಆ ಪ್ರಕಾರ ಅರ್ಜಿದಾರನು ಟ್ರ್ಯಾಕಿನ ಬಳಿ ತಗಡಿನ ಶೆಡ್ಡಿನಲ್ಲಿ ಗ್ಯಾರೇಜು ನಡೆಸುವ ತದೊಕೊರೊ ಎಂಬ ಹಿರಿಯರಲ್ಲಿಗೆ ಹೋದನು. ಓಡುವಾಗ ಗಾಳಿಯ ಒತ್ತಡದಿಂದ ಹಿಂಬದಿಯನ್ನು ನೆಲಕ್ಕೆ ಅದುಮಲು, ಡಿಕ್ಕಿಯ ಅಂಚಿಗೆ ಅಂಟಿಸುವ ಗಿಡ್ಡ ರೆಕ್ಕೆ ಸಾಕೆಂಬುದು ಅರ್ಜಿದಾರನ ಎಣಿಕೆಯಾಗಿತ್ತು.

"ಅದು ಬಾತುಕೋಳಿ ಬಾಲ ಕಣಯ್ಯಾ, ಫೋಟೋಕ್ಕೆ ಚೆಂದ. ಗಾಳಿ ಕಾರಿನ ನೆತ್ತಿ ದಾಟೋ ಹೊತ್ತಿಗೆ ಕಲಸಿಹೋಗಿರುತ್ತೆ. ಒಳ್ಳೇ ಗಾಳಿ ಸಿಗಬೇಕಂದ್ರೆ ರೆಕ್ಕೆನ ಮೇಲೆತ್ತಬೇಕು. ನೆಲದಿಂದ ಸಾವಿರದ ಇನ್ನೂರೈವತ್ತು ಮಿಲಿಮೀಟರ್."

"ಸಾವಿರದ ಇನ್ನೂರ ಹತ್ತು ದಾಟೋ ಹಾಗಿಲ್ಲ, ಯಜಮಾನ್ರೇ. ಪಾರ್ಕಿಂಗ್ ಇದೆ."

"ನೀನು ಓಡಿಸೋಕೆ ರೆಕ್ಕೆ ಹಾಕಿಸ್ತಿದೀಯೋ, ನಿಲ್ಲಿಸೋಕೋ?"

ಒಂದರ ಮೇಲೊಂದು ಕಾರು ನಿಲ್ಲಿಸುವ ನಮ್ಮ ಕಟ್ಟಡದ ಪಾರ್ಕಿಂಗ್ ಲಿಫ್ಟು ಹಳೆಯದು, ಮೇಲಿನ ತಟ್ಟೆ ಹಿಂದಕ್ಕೆ ವಾಲಿರುತ್ತದೆ, ಆದ ಕಾರಣ ಕೆಳಗಿನ ಕಾರಿನ ಡಿಕ್ಕಿಯಿರುವ ಕಡೆ ನೆಲದಿಂದ 1,210 ಮಿ.ಮೀ. ಮಾತ್ರ ಜಾಗವೆಂಬುದು ತಮಗೆ ತಿಳಿದೇ ಇದೆ. ಕೊನೆಗೆ 1,207ಕ್ಕೆ ರಾಜಿಯಾಯಿತು. ರಟ್ಟಿನಲ್ಲಿ ಅಚ್ಚು ಕತ್ತರಿಸಿ, ಡಿಕ್ಕಿಯ ಮುಚ್ಚಳಕ್ಕೆ ಎಂಟು ತೂತು ಕೊರೆದು, ತಗಡು ಹರಿಯದಂತೆ ಒಳಗಿನಿಂದ ಉಕ್ಕಿನ ಪಟ್ಟಿ ಕೊಟ್ಟು ಬಿಗಿಯಲಾಯಿತು. ಮೊದಲ ತೂತು ಕೊರೆಯುವಾಗ ಅರ್ಜಿದಾರನು ಹೊರಗೆ ಹೋಗಿ ನಿಂತಿದ್ದನು.

3. ಇಲ್ಲಿ ಒಂದು ತಪ್ಪು ನಡೆದಿದೆ. ಟ್ರ್ಯಾಕಿನವರು ಕಾರನ್ನು ಯಾವತ್ತೂ ಖಾಲಿ ಅಳೆಯುವುದಿಲ್ಲ. ಚಾಲಕನಷ್ಟೇ ಭಾರವನ್ನು ಸೀಟಿನಲ್ಲಿಟ್ಟು, ಓಡುವಾಗ ಹೇಗಿರುತ್ತದೋ ಹಾಗೆ ಅಳೆಯುತ್ತಾರೆ. ತದೊಕೊರೊ ಅವರು ತಲಾ ಮೂವತ್ತು ಕಿಲೋದ ಎರಡು ಅಕ್ಕಿ ಮೂಟೆಗಳನ್ನು ಕೂರಿಸಿ ಅಳೆದಿದ್ದರು. ಆದರೆ ಲಿಫ್ಟು ಮೇಲೇಳುವ ಮುನ್ನ ಚಾಲಕ ಇಳಿಯಲೇಬೇಕು. ಇಳಿದರೆ ಸ್ಪ್ರಿಂಗುಗಳು ನಿಟ್ಟುಸಿರು ಬಿಟ್ಟಂತೆ ಕಾರು ಆರು ಮಿ.ಮೀ. ಏಳುತ್ತದೆ. 1,213.

4. ಅಕ್ಟೋಬರ್ 6ರಂದು ಅರ್ಜಿದಾರನು ಇಳಿದು ಗುಂಡಿ ಒತ್ತಿದ ಕೂಡಲೇ ಸೈರನ್ ಕೂಗಿ, ಲಿಫ್ಟು ಅರ್ಧಕ್ಕೇ ನಿಂತಿತು. ಮೇಲಿನ ತಟ್ಟೆಯಲ್ಲಿ 302ರ ಇಗರಾಶಿ ಅವರ ಕಾರು. ಅವರು ಮೊಮ್ಮಗಳ ಪಿಯಾನೋ ಕಛೇರಿಗೆ ಹೊರಟು, ಹೂಗುಚ್ಛ ಹಿಡಿದು ನಿಂತಿದ್ದರು.

"ಏನ್ರೀ ನುಕಾಗ ಸಾನ್, ರೆಕ್ಕೆ ಕಟ್ಟಿಸಿದೀರಲ್ಲ, ಹಾರಿ ಹೋಗಿ ನನ್ನ ಕಾರು ಇಳಿಸಿಕೊಡಿ ಮತ್ತೆ."

"ಕ್ಷಮಿಸಿ ಇಗರಾಶಿ ಸಾನ್. ಬರೀ ಮೂರು ಮಿಲಿಮೀಟರ್."

"ನನಗೆ ಎರಡು ಗಂಟೆ ತಡ ಆಗುತ್ತಲ್ಲಪ್ಪಾ, ಅದು ಎಷ್ಟು ಮಿಲಿಮೀಟರ್?"

ಇದಕ್ಕೆ ಬರೆದ ಕ್ಷಮಾಪಣೆ ಪತ್ರದ ನಕಲೇ ಲಗತ್ತು (ಆ).

5. ಮರುದಿನದಿಂದ ಅದೇ ಎರಡು ಮೂಟೆಗಳನ್ನು ಸೀಟಿಗೆ ಕೂರಿಸಿ, ಬೆಲ್ಟು ಹಾಕಿ ಇಳಿಯುವುದನ್ನು ಅರ್ಜಿದಾರನು ರೂಢಿಸಿಕೊಂಡನು. ಸೈರನ್ ಕೂಗಲಿಲ್ಲ. ಮೇಲಿನ ಮೂಟೆ ಜಾರದಿರಲೆಂದು ತನ್ನ ಜಾಕೆಟ್ಟು ತೊಡಿಸಿದ್ದೇ ಎಡವಟ್ಟಾಯಿತು. "ನಿಮ್ಮನೆಯವರು ಕಾರಲ್ಲೇ ಕೂತಿರ್ತಾರೆ, ಮಾತಾಡಿಸಿದ್ರೆ ಮುಖ ಎತ್ತಲ್ಲ" ಎಂದು ಇಗರಾಶಿ ಅವರು ತಮ್ಮಲ್ಲಿ ದೂರಿದರು. ತಾವು ಪರಿಶೀಲನೆಗೆ ಬಂದು, ಕಿಟಕಿ ತಟ್ಟಿ, "ರೀ" ಎಂದು ಮೂರು ಸಲ ಕರೆದಿರೆಂದು ತಿಳಿದುಬಂದಿದೆ.

6. ತರುವಾಯ ಬಂದದ್ದೇ ಉಲ್ಲೇಖ (2): ಈ ಶನಿವಾರದೊಳಗೆ ರೆಕ್ಕೆ ಬಿಚ್ಚಬೇಕು, ತಪ್ಪಿದಲ್ಲಿ ಜಾಗ ರದ್ದು. ನಮ್ಮ ದೇಶದ ಕಾನೂನಿನಂತೆ, ನಿಲ್ಲಿಸಲು ಜಾಗವಿಲ್ಲದವನು ಕಾರು ಇಟ್ಟುಕೊಳ್ಳುವಂತಿಲ್ಲ. ಭಾನುವಾರ ಟ್ರ್ಯಾಕಿನ ಈ ವರ್ಷದ ಕೊನೆಯ ಓಟ, ಆಮೇಲೆ ಹಿಮ. ರೆಕ್ಕೆ ಬಿಚ್ಚಿದರೆ ಉಲ್ಲೇಖ (1)ರ ಉಲ್ಲಂಘನೆ, ತಾವು ಪಕ್ಕದಲ್ಲಿ ಕೂರುವುದಿಲ್ಲ. ಬಿಚ್ಚದಿದ್ದರೆ ಉಲ್ಲೇಖ (2)ರ ಉಲ್ಲಂಘನೆ, ಕೂರಲು ಕಾರೇ ಇರುವುದಿಲ್ಲ. ಎರಡೂ ಆದೇಶಗಳು ಒಬ್ಬರೇ ಅಧಿಕಾರಿಯವು.

7. ರೆಕ್ಕೆಯನ್ನು ಹೊರಲು ಆರು ಮಿ.ಮೀ. ಗಿಡ್ಡನೆಯ ಕಂಬಗಳನ್ನು ಕತ್ತರಿಸಲು ತದೊಕೊರೊ ಅವರಿಗೆ ಮೂರು ವಾರ ಬೇಕು. "ರೆಕ್ಕೆನೇ ಬಿಚ್ಚಿ ಮನೇಲಿಡು, ಹೆಂಡ್ತಿ ಬಟ್ಟೆ ಒಣಗಿಸ್ಲಿ" ಎಂಬ ಅವರ ಸಲಹೆಯನ್ನು ದಾಖಲೆಗಾಗಿ ಮಾತ್ರ ನಮೂದಿಸಿದೆ.

8. ಸೀಟಿನಲ್ಲಿರುವುದು ಮನುಷ್ಯನೆಂದರೆ ನಿಯಮ 9 (ಲಿಫ್ಟಿನಲ್ಲಿ ಜನರಿರಕೂಡದು) ಅಡ್ಡ ಬರುತ್ತದೆ, ಸಾಮಾನೆಂದರೆ ನಿಯಮ 14 (ಸಾಮಾನು ಇಡಕೂಡದು). ಆದ್ದರಿಂದ ಸದರಿ ಅಕ್ಕಿಯನ್ನು ಮೂರು ವಾರಗಳ ಮಟ್ಟಿಗೆ ಕಾರಿನ ಅಂಗವೆಂದು ಪರಿಗಣಿಸಬೇಕು. ಜಾಕೆಟ್ಟನ್ನು ಅರ್ಜಿದಾರನು ವಾಪಸು ಪಡೆದಿದ್ದಾನೆ.

9. ಅರ್ಜಿಗೂ ಮಂಜೂರಾತಿಗೂ ಸಹಿಯ ಬದಲು ಒತ್ತಬೇಕಾದದ್ದು ನುಕಾಗ ಮನೆತನದ ಒಂದೇ ಮುದ್ರೆ. ಅದು ಅಡುಗೆಮನೆಯ ಎರಡನೇ ಖಾನೆಯಲ್ಲಿದೆ. ಅರ್ಜಿದಾರನು ಎರಡೂ ಕಡೆ ತಾನೇ ಒತ್ತಬಹುದಾಗಿತ್ತು. ಒತ್ತಿಲ್ಲ.

10. ಎಂಟನೇ ತಿರುವನ್ನು ಅರ್ಜಿದಾರನು ರೆಕ್ಕೆ ಕಟ್ಟಿದ ಮೇಲೆ ನಲವತ್ತೊಂದು ಸಲ ಒಬ್ಬನೇ ದಾಟಿದ್ದಾನೆ. ಹಿಂದಿನ ಚಕ್ರ ನೆಲ ಬಿಟ್ಟಿಲ್ಲ. ನೋಡಲು ಪಕ್ಕದಲ್ಲಿ ಯಾರೂ ಇರಲಿಲ್ಲವಾದ ಕಾರಣ ಇದಕ್ಕೆ ಸಾಕ್ಷಿಯಿಲ್ಲ.

ಮೇಲಿನ ಎಲ್ಲ ಕಾರಣಗಳಿಂದ, ಶನಿವಾರದೊಳಗೆ ಸೂಕ್ತ ಆದೇಶ ಹೊರಡಿಸಬೇಕೆಂದು, ಅಡುಗೆಮನೆ ಗೋಡೆಯ ಈಚೆ ಬದಿಯಿಂದ ಪ್ರಾರ್ಥನೆ.

ತಮ್ಮ ವಿಶ್ವಾಸಿ ಹಾಗೂ ಸಹನಿವಾಸಿ,
ನುಕಾಗ ತೆತ್ಸುರೋ

ಲಗತ್ತುಗಳು:
ಅ) ಅಳತೆಯ ಫೋಟೋ ಎರಡು: ಅಕ್ಕಿ ಸಹಿತ, ಅಕ್ಕಿ ರಹಿತ.
ಆ) ಇಗರಾಶಿ ಅವರಿಗೆ ಬರೆದ ಕ್ಷಮಾಪಣೆ ಪತ್ರದ ನಕಲು.
ಇ) ಟ್ರ್ಯಾಕಿನಲ್ಲಿ ಪಕ್ಕದ ಸೀಟಿನಲ್ಲಿ ಕೂರುವವರ ಒಪ್ಪಿಗೆ ಪತ್ರ, ಖಾಲಿ.
ಈ) ಹೆಲ್ಮೆಟ್, ಒಂದು, ಹೊಸದು. (ಮುಂಬಾಗಿಲಲ್ಲಿ ಚಪ್ಪಲಿ ಕಪಾಟಿನ ಮೇಲಿದೆ.)

ವಿ.ಸೂ.: ಲಗತ್ತು (ಈ)ಯ ಅಳತೆಯನ್ನು ತಾವು ಟಿ.ವಿ. ಮುಂದೆ ತೂಕಡಿಸುತ್ತಿದ್ದಾಗ ದಾರ ಸುತ್ತಿ ತೆಗೆದದ್ದು; ಹೆಚ್ಚು ಕಡಿಮೆ ಇರಬಹುದು. ಬಿಗಿಯಾದರೆ ತಿಳಿಸಬೇಕು. ಅಂಗಡಿಯವರು ಶನಿವಾರ ಸಂಜೆಯವರೆಗೆ ಬದಲಿಸಿಕೊಡುತ್ತಾರೆ.