ಹಸಿರು ಸಮ್ಮೇಳನದ ಫೈಲು ನನ್ನ ಕೈಯಾಗ

ಕೇಳ್ರಿ, ಕೇಳ್ರಿ, ನೀವು ನಂಬಂಗಿಲ್ಲ! ಈಗ ಹತ್ತು ನಿಮಿಷದ ಹಿಂದ ನನ್ನ ಕಣ್ಣ ಮುಂದನ ಏನಾತಂದ್ರ... ಇರ್ರಿ, ಮೊದಲಿಂದ ಹೇಳ್ತೀನಿ. ನನಗ ತಿಳಿದಿದ್ದು ಅರ್ಧದಿಂದ ಹೇಳಿದ್ರ ನಿಮಗೇನು ತಿಳಿದೀತು? ಈ ಕೆಲಸಕ್ಕ ಸೇರಿದಾಗಿಂದ ದಿನಾ ಇಂಥಾದ್ದ ಒಂದಿಲ್ಲೊಂದು ಆಗತೈತಿ.

ತೆಲುಗು ಸೀಮಿಯ ಕೊಂಡಾಪುರದಾಗ ದೊಡ್ಡ ದೊಡ್ಡ ಸಮ್ಮೇಳನ ನಡೆಸಿಕೊಡೋ ಕಂಪನಿಯಾಗ ನಾನು ಟ್ರೈನಿ. ಈ ಸಲದ ಸಮ್ಮೇಳನಕ್ಕ 'ಹಸಿರು ಕಾರ್ಯಕ್ರಮ' ಅಂತ ಸರ್ಟಿಫಿಕೇಟ್ ತಗೊಳ್ಳೋದೈತಿ. ಪ್ಲಾಸ್ಟಿಕ್ ಇರಬಾರದು, ಅನ್ನ ಚೆಲ್ಲಬಾರದು, ಗಾಡಿ ಹೊಗಿ ಕಡಿಮಿ ಇರಬೇಕು. ಇದನ್ನೆಲ್ಲಾ ನೋಡಾಕ ಮೈಸೂರು ಕಡಿಯ ಒಬ್ಬರು ಆಡಿಟರ್ ಮೇಡಂ ಬಂದಾರ. ನಮ್ಮ ಬಾಸು ಫೈಲು ನನ್ನ ಕೈಗೆ ಕೊಟ್ಟು ಅಂದ್ರು: "ತಮ್ಮುಡೂ, ಸರ್ಟಿಫಿಕೇಟ್ ಬಂದ್ರ ನೀ ಪರ್ಮನೆಂಟು. ಬರಲಿಲ್ಲಂದ್ರ, ನಿಮ್ಮೂರು ರಾಯಚೂರಿನ ಬಸ್ಸು ಎಲ್ಲಿ ನಿಲ್ತೈತಿ ಗೊತ್ತಲ್ಲ?"

೧. ಮೆಟ್ರೋದಾಗ ಯಾರೂ ಬಂದಿಲ್ಲ

ಬಂದವರಿಗೆಲ್ಲಾ "ಹ್ಯಾಂಗ ಬಂದ್ರಿ?" ಅಂತ ಕೇಳಿ ಬರಕೋಬೇಕು. ಮೆಟ್ರೋ ಅಂದ್ರ ನಮಗ ಭಾಳ ಮಾರ್ಕ್ಸು. ನನಗ ಖುಷಿ! ಯಾಕಂದ್ರ ಉಪ್ಪಲ್‌ನಿಂದ ನಾ ಬಂದ ಮೆಟ್ರೋ ಡಬ್ಬಿ ತುಂಬ ಕೋಟು ಹಾಕಿದವರ ಇದ್ರು. ಒಬ್ಬ ಹಿರಿಯರಂತೂ ದಾರಿಯುದ್ದಕ್ಕೂ ನನ್ನ ಕಾಲ ಮ್ಯಾಲ ನಿಂತಿದ್ರು. ಸಮ್ಮೇಳನದ ಬಾಗಲಿಗೆ ಮೊದಲು ಬಂದವರೂ ಅವರ.

"ಹ್ಯಾಂಗ ಬಂದ್ರಿ ಸರ್?"

"ಕಾರು."

"ಸರ್, ನೀವು ಮೆಟ್ರೋದಾಗ ನನ್ನ ಕಾಲ ಮ್ಯಾಲ..."

"ನನ್ನ ನೋಡಿದ್ರ ಮೆಟ್ರೋದಾಗ ಬರೋರಂಗ ಕಾಣ್ತೀನೇನು? ಕಾರು ಅಂತ ಬರಕೋ!"

ಮರ್ಯಾದಿ ಪ್ರಶ್ನೆ ನೋಡ್ರಿ. ಹಿಂದ ನಿಂತವರು ಹಿರಿಯರನ್ನ ಒಮ್ಮೆ ನೋಡಿ, "ನಾನೂ ಇವರ ಕಾರಿನಾಗ ಬಂದೆ" ಅಂದ್ರು. ಅವರ ಹಿಂದಿನವರೂ ಅದ ಕಾರು. ಹಿಂಗ ಹಿರಿಯರೂ ಸೇರಿ ಒಟ್ಟು ಹನ್ನೆರಡು ಮಂದಿ. ಹೋತು ನನ್ನ ನೌಕರಿ ಅಂದ್ಕೊಂಡೆ. ಮೇಡಂ ಹಾಳಿ ನೋಡಿ ಕಣ್ಣು ಅಗಲಿಸಿದ್ರು: "ಹನ್ನೆರಡು ಜನ ಒಂದೇ ಕಾರಿನಲ್ಲಾ? ಭೇಷ್! ಇದಕ್ಕೆ ಮೆಟ್ರೋಗಿಂತ ಜಾಸ್ತಿ ಅಂಕ ಇದೆ!"

೨. ಗಡಿಗಿಯ ಸೀಲು

ಬಾಟಲಿ ನೀರು ಬಂದ್. ಅದಕ್ಕ ಮಣ್ಣಿನ ಗಡಿಗಿ ಇಟ್ಟಿದ್ವಿ. ಮುಖ್ಯ ಅತಿಥಿಗಳ ಪಿ.ಎ. ಬಂದು, "ಸೀಲ್ ಇಲ್ಲದ ನೀರು ನಮ್ಮ ಸಾಹೇಬ್ರು ಕುಡಿಯಂಗಿಲ್ಲ" ಅಂದ. ಬಾಸು ಒಂದು ಗಡಿಗಿ ಒಳಗ ಒಯ್ದು, ಬಾಯಿಗೆ ಬಿಳಿ ಬಟ್ಟಿ ಕಟ್ಟಿ, ಗಂಟಿನ ಮ್ಯಾಲ ಅರಗು ಹಚ್ಚಿ, ಕಂಪನಿ ಮುದ್ರಿ ಒತ್ತಿ ತಂದ್ರು. ಸಾಹೇಬ್ರ ಮುಂದನ ಸೀಲು ಟಕ್ ಅಂತ ಒಡದ್ರು. ಸಾಹೇಬ್ರು ಎರಡು ಗ್ಲಾಸು ಕುಡದ್ರು. ಈಗ ಉಳಿದ ಅತಿಥಿಗಳೂ ಸೀಲ್ ಇಲ್ಲದ ಗಡಿಗಿ ಮುಟ್ಟವಲ್ಲರು.

೩. ಉಸ್ತಾದರ ಮಾನ

ತಟ್ಟಿಯೊಳಗ ಉಳಿದ ಅನ್ನ ತೂಗಬೇಕು, ಅದೂ ನಿಯಮ. ಬಿರ್ಯಾನಿ ಹಂಡೆ ಬಾಜೂಕ ತಕ್ಕಡಿ ಇಟ್ಟು, ಅದರ ಮ್ಯಾಲ ಡಬ್ಬಿ ಇಟ್ಟು, 'ಉಳಿದಿದ್ದು ಇಲ್ಲಿ ಹಾಕಿ' ಅಂತ ಬೋರ್ಡ್ ಹಾಕಿದೆ. ಅಡಗಿ ಉಸ್ತಾದರಿಗೆ ಬೆಂಕಿ ಹತ್ತಿದಂಗಾತು.

"ಅರೆ ಮಿಯಾ! ನಮ್ಮ ಅಪ್ಪನ ಕಾಲದಿಂದ ನಮ್ಮ ಹಂಡೆದು ಒಂದು ಅಗಳು ಉಳಿದಿಲ್ಲ. ಬಾಜೂಕ ಕಸದ ಡಬ್ಬಿ ಇಡ್ತಿಯಾ?"

ದೊಡ್ಡ ಸೌಟು ಹಿಡಕೊಂಡು ಡಬ್ಬಿ ಕಡೆನ ನಿಂತ್ರು. ಯಾರ ತಟ್ಟಿ ತಂದ್ರೂ ಒಂದ ಮಾತು: "ಯಾಕ ಸಾಬ್? ಉಪ್ಪು ಕಮ್ಮಿ ಆತಾ? ಮಸಾಲಿ ಕಮ್ಮಿ ಆತಾ?" ಬಂದವರೆಲ್ಲಾ ಹೊಳ್ಳಿ ಹೋಗಿ ತಿಂದ ಬಂದ್ರು. ಪಾಪ, ಒಬ್ರು ಯಾಲಕ್ಕಿನೂ ನುಂಗಿದ್ರು.

ಕಡೀಕ ಮೇಡಂ ತಕ್ಕಡಿ ನೋಡಾಕ ಬಂದ್ರು. ಡಬ್ಬಿ ಖಾಲಿ. "ಸೊನ್ನೆನಾ? ಇದು ಹೇಗೆ ಸಾಧ್ಯ?" ಅಂತ ತಮ್ಮ ತಟ್ಟಿಯೊಳಗ ಉಳಿದ ಎರಡು ತುತ್ತು ನೋಡಿದ್ರು. ಉಸ್ತಾದರನ್ನ ನೋಡಿದ್ರು. ಸೌಟು ನೋಡಿದ್ರು. ಗಬಗಬ ತಿಂದು, ಸೊನ್ನೆ ಅಂತನ ಬರಕೊಂಡ್ರು.

೪. ಈಗ ಆಗಿದ್ದು

ಊಟ ಆದ ಮ್ಯಾಲ ಮೇಡಂ ಬಾಸಿಗೆ, "ತುಂಬಾ ಚೆನ್ನಾಗಿದೆ. ಇನ್ನೊಂದೇ ಹಾಳೆ ಬಾಕಿ" ಅಂದ್ರು. ಬಾಸಿನ ಕಾಲು ನೆಲದ ಮ್ಯಾಲ ನಿಲ್ಲಲಿಲ್ಲ. ಅತಿಥಿಗಳನ್ನ ಸತ್ಕಾರ ಇಲ್ಲದ ಕಳಸೋದು ನಮ್ಮ ಬಾಸಿನ ಜನ್ಮದಾಗ ಇಲ್ಲ. ಮೈಕ್ ಹಿಡದ್ರು: "ಆಡಿಟರ್ ಮೇಡಂ ಅವರು ವೇದಿಕೆಗೆ ದಯಮಾಡಬೇಕು!"

ಮೇಡಂ, "ಬೇಡ ಬೇಡ, ನಾವು ಏನೂ ತಗೊಳ್ಳೋ ಹಾಗಿಲ್ಲ" ಅನ್ನೂದ್ರಾಗ ಇಬ್ರು ಹೆಣ್ಣುಮಕ್ಕಳು ಕೈ ಹಿಡದು ಮ್ಯಾಲ ಹತ್ತಿಸೇ ಬಿಟ್ರು. ಮಿಂಚೋ ಶಾಲು ಬಂತು. ಪ್ಲಾಸ್ಟಿಕ್ ಹೂವಿನ ಹಾರ ಬಂತು. ಪ್ಲಾಸ್ಟಿಕ್ ಸುತ್ತಿದ ಹಣ್ಣಿನ ಬುಟ್ಟಿ ಬಂತು. ಥರ್ಮಾಕೋಲ್ ಡಬ್ಬಿಯೊಳಗ ನೆನಪಿನ ಕಾಣಿಕಿ ಬಂತು. ಮ್ಯಾಲಿಂದ ಫಟ್ ಅಂತ ಸಾವಿರ ಬಣ್ಣದ ಚೂರು!

ನಾ ಓಡಿ ಹೋಗಿ ಬಾಸಿನ ಕಿವಿಯಾಗ, "ಸರ್, ಇದೆಲ್ಲಾ ಬಂದ್ ಅಲ್ಲೇನ್ರಿ!" ಅಂದೆ.

"ಹೋದ ಸಮ್ಮೇಳನದಾಗ ಉಳಿದಿದ್ದು ತಮ್ಮುಡೂ. ಒಗಿಬಾರದು, ಮತ್ತ ಬಳಸಬೇಕು ಅಂತ ನಿಯಮದಾಗ ನೀನ ಓದಿ ಹೇಳಿದ್ದಿ."

ಹೇಳಿದ್ದೆ! ಹಂಗಾರ ಇದು ತಪ್ಪೋ, ಸರಿಯೋ?

ಮೇಡಂ ಹಾರ ಹಾಕ್ಕೊಂಡ ಕೆಳಗ ಬಂದ್ರು. ಹುಬ್ಬಿನ ಮ್ಯಾಲ ಒಂದು ಬೆಳ್ಳಿ ಚೂರು ಅಂಟಿತ್ತು. ಕೊನೇ ಹಾಳಿ ನನ್ನ ಮುಂದ ಹಿಡದ್ರು. "ಕಾರ್ಯಕ್ರಮದಲ್ಲಿ ನಿಷೇಧಿತ ವಸ್ತು ಏನಾದ್ರೂ ಬಳಸಿದ್ದೀರಾ? ಹೌದು, ಇಲ್ಲ, ಎರಡರಲ್ಲಿ ಒಂದಕ್ಕೆ ಟಿಕ್ ಮಾಡಿ ಸಹಿ ಹಾಕಪ್ಪಾ."

ಅವರ ಹಿಂದ ಬಾಸು 'ಇಲ್ಲ, ಇಲ್ಲ' ಅಂತ ಗೋಣು ಅಲ್ಲಾಡಸಾಕತ್ತಾರ. ಹೌದು ಅಂದ್ರ ಸರ್ಟಿಫಿಕೇಟೂ ಹೋತು, ನೌಕರಿನೂ ಹೋತು. ಇಲ್ಲ ಅನ್ನೋಣಂದ್ರ, ಸಾಕ್ಷಿನ ಕೊಳ್ಳಾಗ ಹಾರ ಹಾಕ್ಕೊಂಡು ನನ್ನ ಮುಂದ ನಿಂತೈತಿ!

"ಪೆನ್ನು ನಡೀವಲ್ದ್ರಿ, ಬ್ಯಾರೆ ತರ್ತೀನಿ" ಅಂತ ಹೇಳಿ, ಹಾಳಿ ಹಿಡಕೊಂಡು ಹೊರಗ ಓಡಿ ಬಂದೀನಿ. ಹೇಳ್ರಿ ಲಗೂನ, ನನ್ನ ಜಾಗಾದಾಗ ನೀವಿದ್ರ ಯಾವುದಕ್ಕ ಟಿಕ್ ಹಾಕ್ತಿದ್ರಿ?